ಬೋರ್‌ಹೋಲ್ ಸೈಸ್ಮಿಕ್ ಪರೀಕ್ಷೆಯಲ್ಲಿ ಮೊದಲ ತರಂಗವನ್ನು ಗುರುತಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿವಿಲ್ ಎಂಜಿನಿಯರುಗಳು, ಭೂವಿಜ್ಞಾನದ ವಿದ್ಯಾರ್ಥಿಗಳು, ಬೋರ್ ಕೊರೆಯುವ ಗುತ್ತಿಗೆದಾರರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೆಚ್ಚಿನ ಉದಾಹರಣೆಗಳು ಕಟ್ಟಡ, ಸೇತುವೆ, ಮೆಟ್ರೊ ಕಾಮಗಾರಿಗಳಿಗಾಗಿ ಮೂವತ್ತು ನಲವತ್ತು ಮೀಟರ್ ಆಳದವರೆಗೆ ಮಾಡುವ ಪರೀಕ್ಷೆಗಳಿಗೆ ಸಂಬಂಧಿಸಿದವು. ಆಳವಾದ ಬಾವಿಗಳ ವಿಚಾರ ಕೊನೆಯ ಭಾಗದಲ್ಲಿದೆ.

## ಮೊದಲ ಹೆಜ್ಜೆಗಳು

ಬೋರ್ ಒಳಗೆ ಕೇಬಲ್ ಇಳಿಸಿ, ಮೇಲೆ ಹಲಗೆಗೆ ಸಮ್ಮಟಿಗೆಯಿಂದ ಹೊಡೆಯುತ್ತಿರುತ್ತಾರಲ್ಲ, ಅದರಿಂದ ಏನು ಗೊತ್ತಾಗುತ್ತದೆ?

ಹೊಡೆತದ ಕಂಪನ ಮಣ್ಣು, ಶಿಥಿಲ ಶಿಲೆ, ಬಂಡೆಗಳನ್ನು ಹಾದು ಕೆಳಗಿರುವ ಜಿಯೋಫೋನನ್ನು, ಅಂದರೆ ನೆಲದ ಕಂಪನ ಹಿಡಿಯುವ ಸಾಧನವನ್ನು, ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಗೊತ್ತಾಗುತ್ತದೆ. ಜಿಯೋಫೋನನ್ನು ಒಂದೊಂದೇ ಮೀಟರ್ ಸರಿಸುತ್ತ ಹೋದರೆ ಯಾವ ಪದರದಲ್ಲಿ ತರಂಗದ ವೇಗ ಎಷ್ಟು ಎಂದು ಲೆಕ್ಕ ಹಾಕಬಹುದು. ಇದು ಡೌನ್‌ಹೋಲ್ ಪರೀಕ್ಷೆ. ಒಂದು ಬೋರ್‌ನೊಳಗೆ ಹೊಡೆದು, ಪಕ್ಕದ ಬೋರ್‌ನಲ್ಲಿ ಅದೇ ಆಳದಲ್ಲಿ ಅಳೆದರೆ ಅದು ಕ್ರಾಸ್‌ಹೋಲ್. ಒತ್ತುತ್ತ ಹಿಗ್ಗುತ್ತ ಸಾಗುವ ಪಿ ತರಂಗ ಮೊದಲು ಬರುತ್ತದೆ, ಅಡ್ಡಕ್ಕೆ ಅಲುಗಾಡಿಸುವ ಎಸ್ ತರಂಗ ಅದರ ಹಿಂದೆ ಬರುತ್ತದೆ. ಅಡಿಪಾಯದ ವಿನ್ಯಾಸಕ್ಕೆ ಮುಖ್ಯವಾಗಿ ಬೇಕಾಗುವುದು ಎಸ್ ತರಂಗದ ವೇಗ. ಭೂಕಂಪದಲ್ಲಿ ನೆಲ ಹೇಗೆ ನಡೆದುಕೊಳ್ಳಬಹುದು ಎಂಬುದಕ್ಕೆ ಮೇಲಿನ ಮೂವತ್ತು ಮೀಟರಿನ ಸರಾಸರಿ ಎಸ್ ವೇಗವನ್ನೇ ಅಳತೆಗೋಲಾಗಿ ಹಿಡಿಯುವ ಪದ್ಧತಿ ಇಂದು ಬಹಳ ದೇಶಗಳಲ್ಲಿದೆ.

ಮೊದಲ ಆಗಮನ ಎಂದರೆ ಅಲೆಯ ಶಿಖರವೋ, ಅಲೆ ಶುರುವಾಗುವ ಜಾಗವೋ?

ಶುರುವಾಗುವ ಜಾಗ. ಜಿಯೋಫೋನಿನ ದಾಖಲೆಯನ್ನು ಟ್ರೇಸ್ ಎನ್ನುತ್ತೇವೆ. ಅದರಲ್ಲಿ ಮೊದಲು ಸಣ್ಣ ನಡುಕವಿರುವ ಬಹುತೇಕ ಸಪಾಟಾದ ಗೆರೆ, ಆಮೇಲೆ ಒಂದು ತಿರುವು, ನಂತರ ಏರಿಳಿತ ಕಾಣುತ್ತದೆ. ಆ ತಿರುವೇ ನಮಗೆ ಬೇಕಾದ ಕ್ಷಣ. ಶಿಖರ ಎದ್ದು ಕಾಣುವುದರಿಂದ ಅದನ್ನು ಗುರುತಿಸುವುದು ಸುಲಭ. ಆದರೆ ಆಳಕ್ಕೆ ಹೋದಂತೆ ನೆಲವು ಹೆಚ್ಚಿನ ಆವರ್ತನಗಳನ್ನು ನುಂಗಿಬಿಡುತ್ತದೆ, ಅಲೆ ಅಗಲವಾಗುತ್ತದೆ, ಶಿಖರ ತಿರುವಿನಿಂದ ದೂರ ಸರಿಯುತ್ತ ಹೋಗುತ್ತದೆ. ಶಿಖರವನ್ನೇ ನಂಬಿದರೆ ಆಳದ ಪದರಗಳು ಇದ್ದುದಕ್ಕಿಂತ ಮೆತ್ತಗೆ ಕಾಣುತ್ತವೆ.

ಅರ್ಧ ಮಿಲಿಸೆಕೆಂಡ್ ಆಚೀಚೆ ಆದರೆ ಅಂಥದ್ದೇನಾಗುತ್ತದೆ?

ಲೆಕ್ಕ ಮಾಡಿಯೇ ನೋಡೋಣ. ಸೆಕೆಂಡಿಗೆ 250 ಮೀಟರ್ ಎಸ್ ವೇಗವಿರುವ ಮಣ್ಣಿನಲ್ಲಿ ಒಂದು ಮೀಟರ್ ದಾಟಲು 4 ಮಿಲಿಸೆಕೆಂಡ್ ಬೇಕು. ಗುರುತು ಅರ್ಧ ಮಿಲಿಸೆಕೆಂಡ್ ತಪ್ಪಿದರೆ ವೇಗ 286 ಆಗುತ್ತದೆ, ಇಲ್ಲವೇ 222ಕ್ಕೆ ಇಳಿಯುತ್ತದೆ. ಜಾರುಬಿಗಿತದ (ಅಡ್ಡಕ್ಕೆ ಜಾರಿಸುವ ಬಲಕ್ಕೆ ನೆಲ ಒಡ್ಡುವ ಬಿಗಿತದ) ಲೆಕ್ಕದಲ್ಲಿ ವೇಗದ ವರ್ಗ ಬರುವುದರಿಂದ 286ರ ತಪ್ಪು ಬಿಗಿತವನ್ನು ಶೇಕಡಾ 30ರಷ್ಟು ಹೆಚ್ಚಿಸಿ ತೋರಿಸುತ್ತದೆ. ಅಡಿಪಾಯ ಹಾಕುವವರಿಗೆ ಇದು ಅಪಾಯದ ದಿಕ್ಕಿನ ತಪ್ಪು.

ಬಂಡೆಯಲ್ಲಿ ಪರಿಸ್ಥಿತಿ ಇನ್ನೂ ಬಿಗಿ. 1,500 ಮೀಟರ್ ಎಸ್ ವೇಗದ ಶಿಲೆಯನ್ನು ಒಂದು ಮೀಟರ್ ದಾಟಲು 0.67 ಮಿಲಿಸೆಕೆಂಡ್ ಸಾಕು. ಅದರಲ್ಲಿ ಅರ್ಧ ಮಿಲಿಸೆಕೆಂಡ್ ಕಳೆದರೆ ವೇಗ 6,000ದ ಹತ್ತಿರ ಬರುತ್ತದೆ. ಅಷ್ಟು ಎಸ್ ವೇಗದ ಶಿಲೆ ಭೂಮಿಯ ಹೊರಪದರದಲ್ಲೇ ಸಿಗುವುದಿಲ್ಲ. ಹಾಗಾಗಿ ಗಟ್ಟಿ ಬಂಡೆಯಲ್ಲಿ ಮೀಟರಿಗೊಂದು ವೇಗ ಕೊಡುವ ಹಟ ಬಿಟ್ಟು, ನಾಲ್ಕೈದು ಮೀಟರಿಗೆ ಒಂದೇ ಸರಳರೇಖೆ ಎಳೆಯುವುದು ಮೇಲು.

## ಸೈಟ್‌ನಲ್ಲಿ

ಸಾಫ್ಟ್‌ವೇರ್ ಚೆನ್ನಾಗಿದ್ದರೆ ಸೈಟ್‌ನಲ್ಲಿ ಅಷ್ಟೊಂದು ತಲೆಕೆಡಿಸಿಕೊಳ್ಳಬೇಕೆ?

ಬೇಕೇ ಬೇಕು. ಗುರುತಿನ ಗುಣಮಟ್ಟದ ಬಹುಪಾಲು ಕಂಪ್ಯೂಟರ್ ಮುಂದೆ ಕೂರುವ ಮೊದಲೇ ತೀರ್ಮಾನವಾಗಿರುತ್ತದೆ. ದಾಖಲೆಯಲ್ಲಿ ಇಲ್ಲದ ತಿರುವನ್ನು ಯಾವ ಸಾಫ್ಟ್‌ವೇರೂ ಹುಡುಕಿ ಕೊಡದು.

ಮೊದಲನೆಯದು ಗ್ರೌಟ್. ಬೋರ್ ಗೋಡೆಗೂ ಪಿವಿಸಿ ಕೇಸಿಂಗ್‌ಗೂ ನಡುವಿನ ಸಂದನ್ನು ಸಿಮೆಂಟ್ ಮತ್ತು ಬೆಂಟೊನೈಟ್ ಬೆರೆಸಿದ ಗ್ರೌಟ್‌ನಿಂದ ತಳದಿಂದ ಮೇಲಕ್ಕೆ ತುಂಬಿಸಬೇಕು. ಮೇಲಿನಿಂದ ಬಕೆಟ್‌ನಲ್ಲಿ ಸುರಿದರೆ ನಡುವೆ ಎಲ್ಲೋ ಸಿಕ್ಕಿಕೊಂಡು ಕೆಳಗೆ ಟೊಳ್ಳು ಉಳಿಯುತ್ತದೆ. ಟ್ರೇಸ್‌ಗಳನ್ನು ಆಳದ ಕ್ರಮದಲ್ಲಿ ಜೋಡಿಸಿದಾಗ ಈ ಟೊಳ್ಳು ತಾನಾಗಿ ಹೊರಬೀಳುತ್ತದೆ: ಹನ್ನೊಂದು, ಹನ್ನೆರಡು, ಹದಿಮೂರನೇ ಮೀಟರ್‌ಗಳಲ್ಲಿ ಅಲೆ ಇದ್ದಕ್ಕಿದ್ದಂತೆ ಸೊರಗಿ, ಒಂದೇ ಆವರ್ತನದಲ್ಲಿ ಉದ್ದಕ್ಕೆ ಅದುರುತ್ತಿರುತ್ತದೆ, ಹದಿನಾಲ್ಕಕ್ಕೆ ಮತ್ತೆ ಸರಿಯಾಗುತ್ತದೆ. ಆ ಮೂರು ಮೀಟರ್ ಕೇಸಿಂಗ್ ನೆಲವನ್ನು ಮುಟ್ಟಿಯೇ ಇಲ್ಲ. ಗ್ರೌಟ್ ಗಟ್ಟಿಯಾಗಲು ಕೆಲವು ದಿನ ಬಿಡದೆ ಮರುದಿನವೇ ಪರೀಕ್ಷೆ ಮಾಡುವ ಆತುರವೂ ಇಂಥದ್ದೇ ದಾಖಲೆ ಕೊಡುತ್ತದೆ.

ಎರಡನೆಯದು ಜಿಯೋಫೋನಿನ ಹಿಡಿತ. ಗಾಳಿ ತುಂಬುವ ರಬ್ಬರ್ ಚೀಲವಿರಲಿ, ಸ್ಪ್ರಿಂಗ್ ಇರಲಿ, ಅದು ಗೋಡೆಗೆ ಬಿಗಿಯಾಗಿ ಒತ್ತಿಕೊಂಡಿರಬೇಕು. ಹಿಡಿತ ಬಂದ ಮೇಲೆ ಕೇಬಲನ್ನು ಸ್ವಲ್ಪ ಸಡಿಲ ಬಿಡಿ. ಬಿಗಿದು ನಿಂತ ಕೇಬಲ್ ಮೇಲ್ಮೈಯ ಅದುರನ್ನು ನೇರವಾಗಿ ಕೆಳಗೆ ಒಯ್ಯುತ್ತದೆ.

ಟ್ರಿಗರ್ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಟ್ರಿಗರ್ ಎಂದರೆ ಹೊಡೆತ ಬಿದ್ದ ಕ್ಷಣದಲ್ಲೇ ದಾಖಲೆಯ ಗಡಿಯಾರವನ್ನು ಶುರುಮಾಡುವ ಸ್ವಿಚ್. ಜಿಯೋಫೋನನ್ನು ಒಂದೇ ಆಳದಲ್ಲಿ ಬಿಟ್ಟು ಹತ್ತು ಸಲ ಹೊಡೆಯಿರಿ, ಹತ್ತೂ ಟ್ರೇಸ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ನೆಲ ಬದಲಾಗಿಲ್ಲ, ದೂರ ಬದಲಾಗಿಲ್ಲ. ಆದ್ದರಿಂದ ತಿರುವುಗಳು ಎಷ್ಟು ಚದುರಿವೆಯೋ ಅಷ್ಟು ನಿಮ್ಮ ಟ್ರಿಗರ್‌ನ ತಪ್ಪು. ಪ್ರತಿ ಸಲವೂ ಒಂದೇ ಅಳತೆಯಲ್ಲಿ ತಡವಾಗುವ ಟ್ರಿಗರ್‌ನಿಂದ ಪದರಗಳ ವೇಗಕ್ಕೆ ಹಾನಿಯಿಲ್ಲ, ಏಕೆಂದರೆ ಎರಡು ಆಳಗಳ ನಡುವಿನ ವ್ಯತ್ಯಾಸದಲ್ಲಿ ಅದು ಕಳೆದುಹೋಗುತ್ತದೆ. ಒಮ್ಮೆ ಬೇಗ, ಒಮ್ಮೆ ತಡ ಆಗುವ ಟ್ರಿಗರ್ ಮಾತ್ರ ಇಡೀ ದಿನದ ಕೆಲಸವನ್ನು ಹಾಳುಮಾಡುತ್ತದೆ. ಸಮ್ಮಟಿಗೆಯ ಹಿಡಿಗೆ ಟೇಪ್ ಸುತ್ತಿದ ಸ್ವಿಚ್ ಸಡಿಲವಾದಾಗ, ತಂತಿಯ ಬೆಸುಗೆ ಬಿರುಕುಬಿಟ್ಟಾಗ ಹೀಗಾಗುತ್ತದೆ.

ಇದಕ್ಕೆ ಖಚಿತವಾದ ಪರಿಹಾರ ಒಂದೇ ಕೇಬಲ್‌ನಲ್ಲಿ ಒಂದು ಮೀಟರ್ ಅಂತರದಲ್ಲಿ ಎರಡು ಜಿಯೋಫೋನ್ ಇಟ್ಟುಕೊಳ್ಳುವುದು. ಒಂದೇ ಹೊಡೆತವನ್ನು ಎರಡೂ ದಾಖಲಿಸುವುದರಿಂದ ಟ್ರಿಗರ್ ಎಷ್ಟು ತಪ್ಪಿದರೂ ವ್ಯತ್ಯಾಸ ಸರಿಯಾಗಿರುತ್ತದೆ. ಉಪಕರಣ ಕೊಳ್ಳುವವರು ಕೇಳಿದರೆ ನಾನು ಮೊದಲು ಹೇಳುವ ಮಾತು ಇದೇ: ದುಬಾರಿ ಸಾಫ್ಟ್‌ವೇರ್ ನಂತರ, ಎರಡನೇ ಜಿಯೋಫೋನ್ ಮೊದಲು.

ಹಲಗೆಗೆ ಎಡದಿಂದಲೂ ಬಲದಿಂದಲೂ ಹೊಡೆಯುವುದು ಯಾಕೆ? ಒಂದೇ ಕಡೆ ಸಾಲದೆ?

ಎಸ್ ತರಂಗವನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಬಂದಿಲ್ಲ. ಬೋರ್ ಬಾಯಿಯಿಂದ ಒಂದರಿಂದ ಮೂರು ಮೀಟರ್ ದೂರದಲ್ಲಿ, ತುದಿಗಳಿಗೆ ಕಬ್ಬಿಣದ ತಗಡು ಬಡಿದ ದಪ್ಪ ಹಲಗೆ ಇಟ್ಟು, ಅದರ ಮೇಲೆ ಜೀಪಿನ ಮುಂಚಕ್ರ ಹತ್ತಿಸಿ ನಿಲ್ಲಿಸುತ್ತಾರೆ. ಹಲಗೆಯ ಎಡತುದಿಗೆ ಹೊಡೆದರೆ ನೆಲ ಬಲಕ್ಕೆ ಜಾರುತ್ತದೆ, ಬಲತುದಿಗೆ ಹೊಡೆದರೆ ಎಡಕ್ಕೆ. ಹಾಗಾಗಿ ಎಸ್ ತರಂಗದ ದಿಕ್ಕು ತಿರುವುಮುರುವಾಗುತ್ತದೆ. ಪಿ ತರಂಗಕ್ಕೆ ಮಾತ್ರ ಎರಡೂ ಹೊಡೆತ ಒಂದೇ.

ಎರಡೂ ಟ್ರೇಸ್‌ಗಳನ್ನು ಕೆಂಪು, ನೀಲಿ ಬಣ್ಣಗಳಲ್ಲಿ ಒಂದೇ ಅಕ್ಷದ ಮೇಲೆ ಬರೆಯಿರಿ. ಪಿ ಬರುವಾಗ ಎರಡು ಗೆರೆಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಒಂದು ಗಳಿಗೆಯಲ್ಲಿ ಕೆಂಪು ಮೇಲಕ್ಕೂ ನೀಲಿ ಕೆಳಕ್ಕೂ ಬೇರೆಯಾಗಿ, ಕನ್ನಡಿಯ ಬಿಂಬಗಳಂತೆ ಎದುರುಬದುರು ಸಾಗುತ್ತವೆ. ಬೇರೆಯಾದ ಆ ಬಿಂದುವೇ ಎಸ್ ಆಗಮನ.

ಇದರಿಂದ ಇನ್ನೊಂದು ಲಾಭವಿದೆ, ಅದನ್ನು ಬಹಳ ಮಂದಿ ಬಳಸಿಕೊಳ್ಳುವುದಿಲ್ಲ. ಎಡದ ಟ್ರೇಸಿನಿಂದ ಬಲದ್ದನ್ನು ಕಳೆದರೆ ಪಿ ಅಳಿಸಿಹೋಗಿ ಎಸ್ ದುಪ್ಪಟ್ಟಾಗುತ್ತದೆ. ಕೂಡಿದರೆ ಎಸ್ ಅಳಿದು ಪಿ ಉಳಿಯುತ್ತದೆ. ಸ್ವಯಂಚಾಲಿತ ವಿಧಾನಕ್ಕೆ ಮೂಲ ಟ್ರೇಸಿನ ಬದಲು ಈ ಕಳೆದ ಟ್ರೇಸನ್ನು ಕೊಟ್ಟು ನೋಡಿ. ಪಿಯನ್ನೇ ಎಸ್ ಎಂದು ಹಿಡಿಯುವ ತಪ್ಪುಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಎರಡೂ ಕಡೆಯ ಹೊಡೆತದ ಬಲ ಸಮನಾಗಿರುವುದಿಲ್ಲ, ಆದ್ದರಿಂದ ಕಳೆಯುವ ಮುನ್ನ ಎರಡನ್ನೂ ಒಂದೇ ಅಳತೆಗೆ ತಂದುಕೊಳ್ಳಬೇಕು.

ಒಂದು ಆಳದಲ್ಲಿ ಎಷ್ಟು ಸಲ ಹೊಡೆಯಬೇಕು?

ಹೊಡೆತಗಳ ದಾಖಲೆಗಳನ್ನು ಕೂಡುತ್ತ ಹೋಗುವುದು ಸ್ಟ್ಯಾಕಿಂಗ್. ಗೊತ್ತುಗುರಿಯಿಲ್ಲದ ಗದ್ದಲವಾದರೆ ಸಂಕೇತದ ಸ್ಪಷ್ಟತೆ ಹೊಡೆತಗಳ ಸಂಖ್ಯೆಯ ವರ್ಗಮೂಲದಷ್ಟು ಬೆಳೆಯುತ್ತದೆ: ನಾಲ್ಕು ಹೊಡೆತಕ್ಕೆ ಎರಡು ಪಟ್ಟು, ಹದಿನಾರಕ್ಕೆ ನಾಲ್ಕು ಪಟ್ಟು. ಆಮೇಲೆ ಶ್ರಮಕ್ಕೆ ತಕ್ಕ ಫಲವಿಲ್ಲ. ಹೊಡೆಯುವವನ ತೋಳು ಸೋತು ಹೊಡೆತ ಓರೆಯಾಗತೊಡಗಿದರೆ ನಷ್ಟವೇ. ಯಂತ್ರವೇ ಸ್ಥಳದಲ್ಲಿ ಕೂಡಿ ಮೊತ್ತವನ್ನಷ್ಟೇ ಉಳಿಸುವ ವ್ಯವಸ್ಥೆಯನ್ನು ಆಫ್ ಮಾಡಿ, ಪ್ರತಿ ಹೊಡೆತವನ್ನೂ ಪ್ರತ್ಯೇಕವಾಗಿ ಉಳಿಸಿಕೊಳ್ಳಿ. ಲಾರಿ ಹಾದುಹೋದಾಗಿನ ಹೊಡೆತವನ್ನು ಆಮೇಲೆ ತೆಗೆದುಹಾಕಬಹುದು, ಟ್ರಿಗರ್ ಸರಿದದ್ದನ್ನು ಹೊಂದಿಸಿ ಕೂಡಬಹುದು. ಹೊಂದಿಸದೆ ಕೂಡಿದರೆ ಚೂಪಾದ ತಿರುವು ಸವೆದು ಮೊಂಡಾಗುತ್ತದೆ.

ದಾಖಲಿಸುವ ವೇಗ ಎಷ್ಟಿಡಬೇಕು?

ಮಣ್ಣಿನ ಡೌನ್‌ಹೋಲ್‌ಗೆ 0.1 ಮಿಲಿಸೆಕೆಂಡಿಗೊಂದು ಮಾದರಿ (ಸ್ಯಾಂಪಲ್, ಅಂದರೆ ಒಂದು ಓದು) ಸಾಕಾಗುತ್ತದೆ. 5 ಮೀಟರ್ ಅಂತರದ ಬೋರ್‌ಗಳ ನಡುವೆ ಗಟ್ಟಿ ನೈಸ್ ಶಿಲೆಯಿದ್ದರೆ ಪಿ ತರಂಗ ಅದನ್ನು ಸುಮಾರು ಒಂದು ಮಿಲಿಸೆಕೆಂಡಿನಲ್ಲೇ ದಾಟುತ್ತದೆ. ಅಲ್ಲಿ ಅದೇ 0.1 ಎಂದರೆ ಶೇಕಡಾ 10ರ ತಪ್ಪು ಮೊದಲೇ ಕೂತಂತೆ. 0.02 ಅಥವಾ ಇನ್ನೂ ಸೂಕ್ಷ್ಮವಾಗಿ ದಾಖಲಿಸಿ. ಹೊಡೆತಕ್ಕೆ ಮೊದಲಿನ ಒಂದಿಷ್ಟು ಸಮಯವನ್ನೂ ದಾಖಲಿಸಿಕೊಳ್ಳಿ, ಮುಂದೆ ಹೇಳುವ ವಿಧಾನಗಳಿಗೆಲ್ಲ ಅದು ಬೇಕು.

ನಮ್ಮ ಸೈಟ್ ನಡುರಸ್ತೆಯಲ್ಲಿದೆ. ಬಸ್ಸು, ಜನರೇಟರ್, ವಿದ್ಯುತ್ ತಂತಿ ಎಲ್ಲ ಇವೆ. ಏನು ಮಾಡುವುದು?

ಗದ್ದಲದ ಬಗೆ ನೋಡಿ ಮದ್ದು. ವಿದ್ಯುತ್ತಿನ ಗುನುಗು ನಮ್ಮ ದೇಶದಲ್ಲಿ 50 ಹರ್ಟ್ಸ್ ಮತ್ತು ಅದರ ಗುಣಕಗಳಲ್ಲಿ ಕೂತಿರುತ್ತದೆ. ಮಣ್ಣಿನ ಎಸ್ ತರಂಗದ ಶಕ್ತಿಯೂ ಅದೇ ಸುತ್ತಮುತ್ತ ಇರುವುದರಿಂದ 50ನ್ನು ಕತ್ತರಿಸುವ ಫಿಲ್ಟರ್ ಅಲೆಯ ಆಕಾರವನ್ನೇ ಕೆಡಿಸುತ್ತದೆ. ಅದಕ್ಕಿಂತ, ಹೊಡೆತಕ್ಕೆ ಮೊದಲಿನ ದಾಖಲೆಯಿಂದ ಗುನುಗಿನ ಎತ್ತರ ಮತ್ತು ಹಂತವನ್ನು (ಫೇಸ್) ಅಂದಾಜು ಮಾಡಿ, ಆ ಸೈನ್ ಅಲೆಯನ್ನು ಇಡೀ ಟ್ರೇಸಿನಿಂದ ಕಳೆಯುವುದು ಒಳ್ಳೆಯದು. ಲ್ಯಾಪ್‌ಟಾಪ್ ಮತ್ತು ಯಂತ್ರವನ್ನು ಬ್ಯಾಟರಿಯಲ್ಲಿ ನಡೆಸಿದರೆ ಗುನುಗಿನ ಒಂದು ಭಾಗ ಅಲ್ಲೇ ಇಲ್ಲವಾಗುತ್ತದೆ. ಬಸ್ಸುಗಳಿಗೆ ಬೆಳಗಿನ ಜಾವವೇ ಮದ್ದು. ಜನರೇಟರ್ ನಿಲ್ಲಿಸಲು ಹೇಳಲು ಸಂಕೋಚ ಬೇಡ.

## ಟ್ರೇಸ್ ಓದುವಾಗ

ಬೋರ್ ತುಂಬ ನೀರಿದೆ. ಪಿ ವೇಗ ಎಲ್ಲ ಕಡೆ 1,500 ಬರುತ್ತಿದೆ. ನಾವು ಮಣ್ಣನ್ನು ಅಳೆಯುತ್ತಿದ್ದೇವೋ ನೀರನ್ನೋ?

ಅಂತರ್ಜಲ ಮಟ್ಟದ ಕೆಳಗಿನ ಮಣ್ಣಾದರೆ ಅದು ಸಹಜ ಫಲಿತಾಂಶ. ಮಣ್ಣಿನ ಕಣಗಳ ನಡುವೆ ನೀರು ಪೂರ್ತಿ ತುಂಬಿದಾಗ ಪಿ ತರಂಗವನ್ನು ಮುಖ್ಯವಾಗಿ ನೀರೇ ಹೊರುತ್ತದೆ. ಮಣ್ಣು ಸಡಿಲವಿರಲಿ, ಸಾಧಾರಣ ಗಟ್ಟಿಯಿರಲಿ, ವೇಗ 1,500ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರಿಗೆ ಜಾರುಬಿಗಿತ ಇಲ್ಲದ್ದರಿಂದ ಎಸ್ ತರಂಗ ಕಣಗಳ ಹಂದರದಲ್ಲೇ ಸಾಗಬೇಕು. ಆದ್ದರಿಂದಲೇ ಮಣ್ಣಿನ ಗುಣ ಹೇಳುವುದು ಅದು.

ನೀರಿನಿಂದಾಗುವ ನಿಜವಾದ ತೊಂದರೆ ಟ್ಯೂಬ್ ತರಂಗ. ಮೇಲ್ಮೈಯ ಅಲೆ ಬೋರ್ ಬಾಯಿಯನ್ನು ಅಲುಗಿಸಿದಾಗ ಒಳಗಿನ ನೀರಿನ ಕಂಬದಲ್ಲಿ ಒಂದು ಒತ್ತಡದ ಅಲೆ ಹುಟ್ಟಿ ಕೆಳಗಿಳಿಯುತ್ತದೆ, ತಳಕ್ಕೆ ಬಡಿದು ಮೇಲೆ ಬರುತ್ತದೆ. ಆಳಕ್ಕೆ ಹೋದರೂ ಅದರ ಬಲ ಹೆಚ್ಚು ಕುಗ್ಗುವುದಿಲ್ಲ, ಹಾಗಾಗಿ ಕಣ್ಣಿಗೂ ಸಾಫ್ಟ್‌ವೇರಿಗೂ ಅದೇ ದೊಡ್ಡದಾಗಿ ಕಾಣುತ್ತದೆ. ಗಟ್ಟಿ ಬಂಡೆಯಲ್ಲಿ ಅದು ಪಿ ನಂತರ ಬರುವುದರಿಂದ ಮೊದಲ ಗುರುತಿಗೆ ಹೆಚ್ಚು ಕೇಡಿಲ್ಲ. ಮೆತ್ತನೆಯ ಮಣ್ಣಿನಲ್ಲಿ ಅದು ಎಸ್‌ಗಿಂತ ಮೊದಲೇ ಬಂದು ತಿರುವನ್ನು ಮುಚ್ಚಿಹಾಕಬಹುದು. ಹಲಗೆಯನ್ನು ಸ್ವಲ್ಪ ದೂರ ಸರಿಸಿ, ಸಾಧ್ಯವಿದ್ದರೆ ನೀರನ್ನು ಹೊರಗೆ ತೆಗೆಯಿರಿ. ಎಡಬಲ ಹೊಡೆತಗಳನ್ನು ಕಳೆಯುವುದೂ ಇಲ್ಲಿ ಸಹಾಯಕ್ಕೆ ಬರುತ್ತದೆ, ಏಕೆಂದರೆ ಟ್ಯೂಬ್ ತರಂಗ ಎಸ್‌ನಂತೆ ದಿಕ್ಕು ಬದಲಿಸುವುದಿಲ್ಲ.

ಕಬ್ಬಿಣದ ಕೇಸಿಂಗ್ ಇರುವ ಹಳೆಯ ಬೋರ್‌ನಲ್ಲೇ ಪರೀಕ್ಷೆ ಮಾಡಬಹುದೆ?

ಬೇಡ ಎನ್ನುತ್ತೇನೆ. ಉಕ್ಕಿನ ಕೊಳವೆಯ ಉದ್ದಕ್ಕೆ ಕಂಪನ ಸೆಕೆಂಡಿಗೆ ಸುಮಾರು 5,000 ಮೀಟರ್ ವೇಗದಲ್ಲಿ ಇಳಿಯುತ್ತದೆ. ಮಣ್ಣಿನಲ್ಲಿ ಬರುವ ತರಂಗಕ್ಕಿಂತ ಮೊದಲು ಅದೇ ಹಾಜರಾಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ, ಗ್ರೌಟ್ ಚೆನ್ನಾಗಿ ಹಿಡಿದಿರುವ ಕಡೆ ಮಾತ್ರ ಎಸ್ ಗುರುತನ್ನು ನಂಬಬಹುದು.

ಫಿಲ್ಟರ್ ಹಾಕಿದ ಮೇಲೆ ತಿರುವು ಮುಂಚೆಯೇ ಬಂದಂತೆ ಕಾಣುತ್ತದೆ. ಇದು ಹೇಗೆ ಸಾಧ್ಯ?

ನೀವು ಬಳಸಿದ್ದು ಶೂನ್ಯಹಂತದ ಫಿಲ್ಟರ್ ಆಗಿರುತ್ತದೆ. ಅದು ಟ್ರೇಸನ್ನು ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಶೋಧಿಸುವುದರಿಂದ ಶಿಖರಗಳು ಇದ್ದಲ್ಲೇ ಉಳಿಯುತ್ತವೆ, ಆದರೆ ನಿಜವಾದ ಆಗಮನದ ಮುಂಚೆ ಇಲ್ಲದ ಸಣ್ಣ ಅಲೆಗಳು ಹುಟ್ಟಿಕೊಳ್ಳುತ್ತವೆ. ತಿರುವನ್ನು ಹುಡುಕುವವರಿಗೆ ಇದು ಮೋಸ. ಒಂದೇ ದಿಕ್ಕಿನ, ಅಂದರೆ ಕಳೆದ ಸಮಯವನ್ನಷ್ಟೇ ಬಳಸುವ ಫಿಲ್ಟರ್ ಹಾಕಿದರೆ ಮುಂಚಿನ ಅಲೆ ಹುಟ್ಟುವುದಿಲ್ಲ, ಬದಲಿಗೆ ಎಲ್ಲವೂ ಸ್ವಲ್ಪ ತಡವಾಗುತ್ತದೆ. ಎಲ್ಲ ಆಳಗಳಿಗೂ ಅದೇ ಫಿಲ್ಟರ್ ಬಳಸಿದರೆ ಆ ವಿಳಂಬದ ಬಹುಭಾಗ ವ್ಯತ್ಯಾಸದಲ್ಲಿ ಕಳೆದುಹೋಗುತ್ತದೆ. ನನ್ನ ರೂಢಿ ಹೀಗಿದೆ: ಅಲೆಯ ಜಾಡು ಹಿಡಿಯಲು ಫಿಲ್ಟರ್ ಹಾಕಿದ ಟ್ರೇಸ್, ಕೊನೆಯ ಗುರುತು ಇಡಲು ಮೂಲ ಟ್ರೇಸ್.

ಕ್ರಾಸ್‌ಹೋಲ್‌ನಲ್ಲಿ ಮೊದಲು ಬಂದ ತರಂಗ ನೇರವಾಗಿಯೇ ಬಂದದ್ದು ಎನ್ನಬಹುದೆ?

ಯಾವಾಗಲೂ ಎನ್ನಲಾಗದು. ಬೆಂಗಳೂರಿನ ಸುತ್ತ ಸಾಮಾನ್ಯವಾದ ನೆಲವನ್ನೇ ತೆಗೆದುಕೊಳ್ಳಿ: ಮೇಲೆ ಕೆಂಪು ಮಣ್ಣು, ಅದರಡಿ ಗರಸು, ಶಿಥಿಲವಾದ ನೈಸ್, ಆಮೇಲೆ ಗಟ್ಟಿ ಬಂಡೆ. ಬೋರ್‌ಗಳ ನಡುವೆ 5 ಮೀಟರ್, ಮಣ್ಣಿನ ಎಸ್ ವೇಗ 250, ಕೆಳಗಿನ ಶಿಲೆಯದು 1,000 ಇರಲಿ. ಮಣ್ಣಿನಲ್ಲಿ ನೇರವಾಗಿ ಬರಲು 20 ಮಿಲಿಸೆಕೆಂಡ್ ಬೇಕು. ಶಿಲೆಗಿಂತ ಒಂದು ಮೀಟರ್ ಮೇಲೆ ಹೊಡೆದಾಗ ತರಂಗ ಓರೆಯಾಗಿ ಇಳಿದು, ಶಿಲೆಯ ಮೇಲ್ಭಾಗದಲ್ಲಿ ಓಡಿ, ಮತ್ತೆ ಏರಿ ಬರಲು ಸುಮಾರು 12.7 ಮಿಲಿಸೆಕೆಂಡ್ ಸಾಕು. ಸುತ್ತಿ ಬಂದದ್ದೇ ಮೊದಲು ತಲುಪುತ್ತದೆ! ಅದನ್ನು ನೇರ ಎಂದುಕೊಂಡರೆ ಮಣ್ಣಿನ ವೇಗ 250ರ ಬದಲು 390 ದಾಟುತ್ತದೆ. ಈ ಉದಾಹರಣೆಯಲ್ಲಿ ಶಿಲೆಯ ಮೇಲಿನ ಸುಮಾರು 1.9 ಮೀಟರ್ ದಪ್ಪದ ಮಣ್ಣೆಲ್ಲ ಹೀಗೆ ಹುಸಿ ಗಟ್ಟಿತನ ತೋರಿಸುತ್ತದೆ. ಗುರುತು ಕರಾರುವಾಕ್ಕಾಗಿದ್ದರೂ ಉತ್ತರ ತಪ್ಪು. ಬೋರ್‌ಗಳು ಹತ್ತಿರವಿದ್ದಷ್ಟೂ ಈ ತೊಂದರೆ ಕಡಿಮೆ, ಹಾಗಾಗಿಯೇ ಮೂರು ಮೀಟರಿನಷ್ಟು ಅಂತರಕ್ಕೆ ಆದ್ಯತೆ.

ಬೋರ್ ನೆಟ್ಟಗಿಲ್ಲದಿರುವುದು ಇನ್ನೊಂದು ಮಾತು. ಒಂದು ಡಿಗ್ರಿ ವಾಲಿದರೆ 20 ಮೀಟರ್ ಆಳದಲ್ಲಿ 35 ಸೆಂಟಿಮೀಟರ್ ಸರಿದಿರುತ್ತದೆ. 5 ಮೀಟರ್ ಅಂತರದಲ್ಲಿ ಅದು ಶೇಕಡಾ 7. ವಾಲಿಕೆಯನ್ನು ಅಳೆಯದೆ ಕ್ರಾಸ್‌ಹೋಲ್ ವೇಗ ಕೊಡಬಾರದು. ನಮ್ಮ ಶಿಥಿಲ ಪದರದಲ್ಲಿ ಅಲ್ಲಲ್ಲಿ ಸಿಗುವ ಗಟ್ಟಿ ಗುಂಡುಗಲ್ಲುಗಳು ಕೂಡ ಒಂದೆರಡು ಆಳಗಳಲ್ಲಿ ಆಗಮನವನ್ನು ಬೇಗ ತರುತ್ತವೆ. ಅವನ್ನು ತಪ್ಪೆಂದು ಅಳಿಸುವ ಮೊದಲು ಕೊರೆದಾಗಿನ ಕೋರ್ ಪೆಟ್ಟಿಗೆ ತೆರೆದು ನೋಡಿ.

ನನ್ನ ಗುರುತುಗಳು ಸರಿಯಿವೆಯೇ ಎಂದು ಪರಿಶೀಲಿಸಲು ಸುಲಭದ ಉಪಾಯ ಇದೆಯೇ?

ಪಿ ಮತ್ತು ಎಸ್ ವೇಗಗಳ ಅನುಪಾತ ತೆಗೆಯಿರಿ. ಅದು 1.41ಕ್ಕಿಂತ ಕಡಿಮೆ ಬಂದರೆ ಪಾಯ್ಸನ್ ಅನುಪಾತ (ಒಂದು ದಿಕ್ಕಿಗೆ ಒತ್ತಿದಾಗ ವಸ್ತು ಅಡ್ಡಕ್ಕೆ ಎಷ್ಟು ಉಬ್ಬುತ್ತದೆ ಎಂಬ ಅಳತೆ) ಋಣವಾಗುತ್ತದೆ. ಮಣ್ಣು, ಬಂಡೆಗಳ ಈ ಕೆಲಸದಲ್ಲಿ ಅಂಥದ್ದು ಬಂದರೆ ಎರಡರಲ್ಲಿ ಒಂದು ಗುರುತು ತಪ್ಪಿದೆ ಎಂದೇ ತಿಳಿಯಿರಿ. ನೀರು ತುಂಬಿದ ಮಣ್ಣಿನಲ್ಲಿ ಪಿ 1,500, ಎಸ್ 200 ಬಂದರೆ ಪಾಯ್ಸನ್ ಅನುಪಾತ 0.49; ಇದು ಸರಿಯಾದ ಲಕ್ಷಣ. ಟ್ರೇಸ್‌ಗಳನ್ನು ಒಂಟಿಯಾಗಿ ನೋಡದೆ ಆಳದ ಕ್ರಮದಲ್ಲಿ ಜೋಡಿಸಿ, ಒಂದೇ ಅಲೆ ಕೆಳಗಿನವರೆಗೆ ಕಡಿಯದೆ ಸಾಗಿದೆಯೇ ಎಂದೂ ನೋಡಬೇಕು.

## ಸ್ವಯಂಚಾಲಿತ ವಿಧಾನಗಳು

ಎಸ್‌ಟಿಎ/ಎಲ್‌ಟಿಎ ಎಂದರೇನು? ಅದೊಂದೇ ಸಾಕೆ?

ಶಾರ್ಟ್ ಟರ್ಮ್ ಆವರೇಜ್, ಲಾಂಗ್ ಟರ್ಮ್ ಆವರೇಜ್ ಎಂಬುವುಗಳ ಹ್ರಸ್ವರೂಪ. ಚಿಕ್ಕ ಕಿಟಕಿಯೊಂದರ (ಟ್ರೇಸಿನ ಒಂದು ತುಂಡು ಕಾಲದ) ಸರಾಸರಿ ಶಕ್ತಿಯನ್ನು ದೊಡ್ಡ ಕಿಟಕಿಯ ಸರಾಸರಿ ಶಕ್ತಿಯಿಂದ ಭಾಗಿಸುತ್ತ ಟ್ರೇಸಿನುದ್ದಕ್ಕೆ ಸಾಗುವ ವಿಧಾನ ಅದು. ಸಂತೆಯ ಗದ್ದಲದಲ್ಲಿ ಯಾರೋ ಹತ್ತಿರದಿಂದ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತೇವಲ್ಲ, ಹಾಗೆ ಇದ್ದಕ್ಕಿದ್ದಂತೆ ಅನುಪಾತ ಏರಿದಾಗ ಅದು ಎಚ್ಚರಿಸುತ್ತದೆ. ಭೂಕಂಪ ಮಾಪನ ಕೇಂದ್ರಗಳಿಗಾಗಿ 1978ರಲ್ಲಿ ರೆಕ್ಸ್ ಅಲೆನ್ ಈ ತತ್ವದ ಮೇಲೆ ಸ್ವಯಂಚಾಲಿತ ವಿಧಾನವೊಂದನ್ನು ಪ್ರಕಟಿಸಿದರು, ಇಂದಿಗೂ ಅದರ ಬಳಕೆ ನಿಂತಿಲ್ಲ. ಅಲೆ ಬಂದಿದೆ ಎಂದು ಹೇಳುವುದರಲ್ಲಿ ಇದು ಗಟ್ಟಿಗ, ಯಾವ ಕ್ಷಣದಲ್ಲಿ ಬಂತು ಎನ್ನುವುದರಲ್ಲಿ ಮಂದ. ಅನುಪಾತ ಮಿತಿ ದಾಟುವ ಹೊತ್ತಿಗೆ ತಿರುವು ಕಳೆದುಹೋಗಿರುತ್ತದೆ. ಒರಟು ಹುಡುಕಾಟಕ್ಕೆ ಇದನ್ನು ಬಳಸಿ, ಅಲ್ಲಿಗೇ ನಿಲ್ಲಿಸಬೇಡಿ.

ಎಐಸಿ ವಿಧಾನ ಹೆಚ್ಚು ನಿಖರ ಎನ್ನುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆ?

ಜಪಾನಿನ ಸಂಖ್ಯಾವಿಜ್ಞಾನಿ ಹಿರೊತುಗು ಅಕೈಕೆ ಅವರ ಮಾಹಿತಿ ಮಾನದಂಡದಿಂದ ಬಂದ ವಿಧಾನ ಇದು. ಟ್ರೇಸಿನ ಒಂದು ತುಂಡನ್ನು ಯಾವುದೋ ಬಿಂದುವಿನಲ್ಲಿ ಎರಡಾಗಿ ಕತ್ತರಿಸಿ. ಪ್ರತಿ ಭಾಗದ ಉದ್ದವನ್ನು ಅದರ ವಿಚಲನದ ಲಾಗರಿದಮ್‌ನಿಂದ ಗುಣಿಸಿ, ಎರಡನ್ನೂ ಕೂಡಿ. ಕತ್ತರಿಸುವ ಬಿಂದುವನ್ನು ಸರಿಸುತ್ತ ಹೋದಂತೆ ಈ ಮೊತ್ತ ಇಳಿಯುತ್ತದೆ, ಮತ್ತೆ ಏರುತ್ತದೆ. ಎಲ್ಲಿ ಅತಿ ಕಡಿಮೆಯೋ ಅಲ್ಲಿ ಒಂದು ಬಗೆಯ ದಾಖಲೆ ಮುಗಿದು ಇನ್ನೊಂದು ಬಗೆಯದು ಶುರುವಾಗಿದೆ, ಅಂದರೆ ಅದೇ ತಿರುವು.

ಇದರ ಎರಡು ಗುಣಗಳನ್ನು ಮರೆಯಬಾರದು. ಕೊಟ್ಟ ತುಂಡಿನಲ್ಲಿ ಪಿ ಮತ್ತು ಎಸ್ ಎರಡೂ ಇದ್ದರೆ ದೊಡ್ಡದರ ಕಡೆಗೆ ಅದು ವಾಲುತ್ತದೆ. ಬರಿಯ ಗದ್ದಲವನ್ನು ಕೊಟ್ಟರೂ ಎಲ್ಲೋ ಒಂದು ಕನಿಷ್ಠ ಬಿಂದುವನ್ನು ತೋರಿಸಿಯೇ ತೀರುತ್ತದೆ. ‘ಇಲ್ಲಿ ಏನೂ ಇಲ್ಲ’ ಎಂದು ಹೇಳಲು ಅದಕ್ಕೆ ಬಾರದು. ಆದ್ದರಿಂದ ಮೊದಲು ಎಸ್‌ಟಿಎ/ಎಲ್‌ಟಿಎಯಿಂದ ಆಸುಪಾಸು ಕಂಡುಕೊಂಡು, ಅದರ ಸುತ್ತ ಚಿಕ್ಕ ಕಿಟಕಿ ತೆರೆದು, ಅಲ್ಲಿ ಮಾತ್ರ ಎಐಸಿ ನಡೆಸಬೇಕು. ಕನಿಷ್ಠ ಬಿಂದು ಚೂಪಾದ ಕಣಿವೆಯಂತಿದ್ದರೆ ಗುರುತು ಗಟ್ಟಿ. ಅಗಲವಾದ ತಗ್ಗಾಗಿದ್ದರೆ ಆ ಅಗಲವೇ ನಿಮ್ಮ ಅನಿಶ್ಚಿತತೆ, ಅದನ್ನು ಬರೆದಿಟ್ಟುಕೊಳ್ಳಿ.

ಪಕ್ಕದ ಟ್ರೇಸ್ ಜೊತೆ ಹೋಲಿಸಿ ಸಮಯ ತೆಗೆದರೆ ಆಗದೆ?

ಆಗುತ್ತದೆ. ಇದಕ್ಕೆ ಕ್ರಾಸ್‌ಕೋರಿಲೇಷನ್ ಎನ್ನುತ್ತಾರೆ: ಒಂದು ಟ್ರೇಸನ್ನು ಇನ್ನೊಂದರ ಮೇಲೆ ಸರಿಸುತ್ತ, ಎಷ್ಟು ಸರಿಸಿದಾಗ ಎರಡೂ ಚೆನ್ನಾಗಿ ಹೊಂದುತ್ತವೆ ಎಂದು ನೋಡುವುದು. ಒಂದೇ ಹೊಡೆತವನ್ನು ದಾಖಲಿಸಿದ ಎರಡು ಜಿಯೋಫೋನ್‌ಗಳ ನಡುವಿನ ಸಮಯಕ್ಕೆ ಇದಕ್ಕೆ ಸಾಟಿಯಿಲ್ಲ. ಹೊಂದಾಣಿಕೆಯ ಶಿಖರದ ಸುತ್ತ ಪ್ಯಾರಾಬೊಲಾ ಕೂರಿಸಿದರೆ ಎರಡು ಮಾದರಿಗಳ ನಡುವಿನ ಸಮಯವೂ ಸಿಗುತ್ತದೆ. ಹುಷಾರಾಗಿರಬೇಕಾದ್ದು ಒಂದು ಅಲೆ ಪೂರ್ತಿ ಜಿಗಿದು ಮುಂದಿನ ಅಲೆಗೆ ಹೊಂದಿಕೊಳ್ಳುವ ತಪ್ಪಿನ ಬಗ್ಗೆ. ಒಂದೇ ಅಲೆಯಷ್ಟು ಚಿಕ್ಕ ಕಿಟಕಿ ಇಟ್ಟುಕೊಂಡರೆ ಅದು ವಿರಳ. ಜಿಯೋಫೋನ್ ಇಳಿಯುವಾಗ ಕೇಬಲ್ ತಿರುಚಿಕೊಂಡು, ಅಡ್ಡ ದಿಕ್ಕಿನ ಕಂಪನ ಅಳೆಯುವ ಅದರ ಎರಡು ಅಂಗಗಳೂ ತಿರುಗಿರುತ್ತವೆ. ಮೊದಲು ಎರಡನ್ನೂ ಲೆಕ್ಕದಲ್ಲಿ ತಿರುಗಿಸಿ ಹಲಗೆಯ ದಿಕ್ಕಿಗೆ ತರದೆ ಹೋಲಿಸಬಾರದು.

ಕೃತಕ ಬುದ್ಧಿಮತ್ತೆ ಈ ಕೆಲಸವನ್ನು ಪೂರ್ತಿ ವಹಿಸಿಕೊಳ್ಳುವುದಿಲ್ಲವೇ?

ಭೂಕಂಪಗಳ ವಿಷಯದಲ್ಲಿ ಬಹುಮಟ್ಟಿಗೆ ವಹಿಸಿಕೊಂಡಿದೆ. ಝು ಮತ್ತು ಬೆರೊಜಾ ಅವರ ಫೇಸ್‌ನೆಟ್ ಎಂಬ ನರಜಾಲ ಉತ್ತರ ಕ್ಯಾಲಿಫೋರ್ನಿಯಾದ ದಶಕಗಳ ದಾಖಲೆಗಳಿಂದ, ವಿಶ್ಲೇಷಕರು ಕೈಯಿಂದ ಇಟ್ಟ ಗುರುತುಗಳಿಂದ ಕಲಿತದ್ದು. ಆದರೆ ಅದು ನೋಡಿರುವುದು ಸೆಕೆಂಡಿಗೆ 100 ಮಾದರಿಗಳ ದಾಖಲೆ. ನಮ್ಮ ಕ್ರಾಸ್‌ಹೋಲ್ ದಾಖಲೆ ಸೆಕೆಂಡಿಗೆ 50,000 ಮಾದರಿಗಳದ್ದು. ಇಲ್ಲಿ ಕಂಪನದ ಮೂಲ ಒಂದು ಹೊಡೆತ, ಗದ್ದಲ ಟ್ಯೂಬ್ ತರಂಗ. ಸಮಯದ ಅಕ್ಷವನ್ನು ಹಿಗ್ಗಿಸಿ ಅದೇ ಜಾಲಕ್ಕೆ ಕೊಟ್ಟರೆ ಕೆಲವೊಮ್ಮೆ ಸರಿಹೋಗುತ್ತದೆ, ಆದರೆ ನೆಚ್ಚಿಕೊಳ್ಳುವಂತಿಲ್ಲ. ನಿಮ್ಮದೇ ಸೈಟ್‌ಗಳ ಗುರುತುಗಳಿಂದ ಅದಕ್ಕೆ ಮರುಪಾಠ ಮಾಡಬೇಕು.

ಹಾಗೆ ಮಾಡುವವರಿಗೆ ಒಂದು ಕಳಕಳಿಯ ಮಾತು. ಪರೀಕ್ಷೆಗಾಗಿ ತೆಗೆದಿಡುವ ದಾಖಲೆ ಬೇರೆಯೇ ಸೈಟಿನದಾಗಿರಲಿ. ಒಂದೇ ಬೋರ್‌ನ ಹತ್ತನೇ ಮೀಟರನ್ನು ಕಲಿಸಿ ಹನ್ನೊಂದನೇ ಮೀಟರಿನಲ್ಲಿ ಪರೀಕ್ಷಿಸಿದರೆ ಅಂಕಗಳು ಭರ್ಜರಿಯಾಗಿ ಬರುತ್ತವೆ, ಹೊಸ ಊರಿಗೆ ಹೋದಾಗ ಎಲ್ಲ ಕುಸಿಯುತ್ತದೆ. ಇಂಥ ಅಂಕಗಳನ್ನು ನೋಡಿ ಯಂತ್ರ ಕೊಂಡವರ ನಿರಾಶೆ ದೊಡ್ಡದು.

ವೈಬ್ರೋಸೈಸ್ ಬಳಸುವ ಆಳದ ಬಾವಿಗಳಲ್ಲಿ ಶಿಖರವನ್ನೇ ಗುರುತಿಸುತ್ತಾರಂತೆ. ಹಾಗಾದರೆ ಮೇಲೆ ಹೇಳಿದ್ದು?

ಅಲ್ಲಿ ಮೂಲವೇ ಬೇರೆ. ಲಾರಿಯ ಮೇಲಿನ ಯಂತ್ರ ಹಲವು ಸೆಕೆಂಡು ಕಾಲ ಆವರ್ತನ ಏರಿಸುತ್ತ ನೆಲವನ್ನು ನಡುಗಿಸುತ್ತದೆ. ಆ ಉದ್ದದ ನಡುಕವನ್ನು ದಾಖಲೆಯ ಜೊತೆ ಕೋರಿಲೇಷನ್ ಮಾಡಿದಾಗ ಸಿಗುವ ಅಲೆ ಸಮಮಿತಿಯದು: ನಡುವಿನ ಶಿಖರವೇ ಆಗಮನದ ಕ್ಷಣ, ಎರಡೂ ಪಕ್ಕಕ್ಕೆ ಚಿಕ್ಕ ಅಲೆಗಳು. ಎಡಪಕ್ಕದ ಚಿಕ್ಕ ಅಲೆಯನ್ನು ಮೊದಲ ತಿರುವು ಎಂದುಕೊಂಡರೆ ತಪ್ಪು. ಸುತ್ತಿಗೆ, ಏರ್‌ಗನ್, ಸ್ಫೋಟಕಗಳಿಗೆ ತಿರುವು, ವೈಬ್ರೋಸೈಸ್‌ಗೆ ಶಿಖರ. ಒಂದೇ ಬಾವಿಯಲ್ಲಿ ಎರಡನ್ನೂ ಬೆರೆಸಬೇಡಿ.

ಜಿಯೋಫೋನ್ ಬದಲು ಫೈಬರ್ ಕೇಬಲ್ ಇಳಿಸಿದರೆ ಹೇಗೆ?

ತನ್ನೊಳಗಿನ ಬೆಳಕಿನ ಮೂಲಕ ಉದ್ದಕ್ಕೂ ಕಂಪನ ಹಿಡಿಯುವ ಕೇಬಲ್ ಅದು; ಸಾವಿರಾರು ಮೀಟರ್ ಬಾವಿಗೆ ಒಂದು ವರ. ಒಂದೇ ಹೊಡೆತಕ್ಕೆ ಇಡೀ ಬಾವಿಯ ದಾಖಲೆ ಬರುತ್ತದೆ. ಆದರೆ ಪ್ರತಿ ಬಿಂದುವಿನ ಓದು ಫೈಬರಿನ ಸುಮಾರು ಹತ್ತು ಮೀಟರ್ ಉದ್ದದ ಸರಾಸರಿಯಾಗಿರುವುದು ಸಾಮಾನ್ಯ. ಮೂವತ್ತು ಮೀಟರ್ ಬೋರ್‌ನಲ್ಲಿ ಮೀಟರಿಗೊಂದು ವೇಗ ಬೇಕೆನ್ನುವವರಿಗೆ ಅದು ಹೊಂದುವುದಿಲ್ಲ.

ಈ ಗುರುತುಗಳಿಂದ ಭೂಕಂಪ ಅಥವಾ ಗಣಿಯ ಬಂಡೆಸಿಡಿತದ ಜಾಗ ಹೇಳಬಹುದೆ?

ಹೌದು, ತತ್ವ ಅದೇ, ದಿಕ್ಕು ಮಾತ್ರ ತಿರುವುಮುರುವು. ಬೋರ್‌ಹೋಲ್ ಪರೀಕ್ಷೆಯಲ್ಲಿ ಮೂಲದ ಜಾಗ ಗೊತ್ತು, ವೇಗ ಬೇಕು. ಅಲ್ಲಿ ವೇಗ ಗೊತ್ತು, ಮೂಲದ ಜಾಗ ಬೇಕು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕಿಳಿದಿದ್ದವು, ಬಂಡೆಸಿಡಿತ ಅಲ್ಲಿನ ಕಾರ್ಮಿಕರ ನಿತ್ಯದ ಭಯವಾಗಿತ್ತು. ಸಿಡಿತ ಎಲ್ಲಾಯಿತೆಂದು ಕಂಡುಹಿಡಿಯಲು ಅಲ್ಲಿ ಜಿಯೋಫೋನ್‌ಗಳ ಜಾಲ ಹಾಕಲಾಗಿತ್ತು. 5,000 ಮೀಟರ್ ವೇಗದ ಶಿಲೆಯಲ್ಲಿ ಎರಡು ಮಿಲಿಸೆಕೆಂಡಿನ ತಪ್ಪು ಗುರುತು ಎಂದರೆ ಹತ್ತು ಮೀಟರ್ ದಾರಿ. ಗಣಿಯೊಳಗೆ ಅಷ್ಟು ದೂರದಲ್ಲಿ ಬೇರೆಯದೇ ಸುರಂಗ ಇರಬಹುದು.

ವರದಿ ತರಿಸಿಕೊಳ್ಳುವವರು ನಾವು. ಗುರುತು ಸರಿಯಿದೆ ಎಂದು ನಂಬಲು ಏನೇನು ಕೇಳಬೇಕು?

ವೇಗದ ಪಟ್ಟಿ ಮಾತ್ರ ಇರುವ ವರದಿಯನ್ನು ಒಪ್ಪಿಕೊಳ್ಳಬೇಡಿ. ಆಳದ ಕ್ರಮದಲ್ಲಿ ಜೋಡಿಸಿದ ಟ್ರೇಸ್‌ಗಳು, ಅವುಗಳ ಮೇಲೆ ಇಟ್ಟ ಗುರುತುಗಳು, ಎಡಬಲ ಹೊಡೆತಗಳ ಜೋಡಿ ಚಿತ್ರ, ಪ್ರತಿ ಗುರುತಿನ ಅನಿಶ್ಚಿತತೆ ಇವೆಲ್ಲ ಇರಲಿ. ಗುರುತುಗಳನ್ನು ಇಬ್ಬರು ಪರಸ್ಪರ ನೋಡದೆ ಇಟ್ಟಿದ್ದರೆ ಇಬ್ಬರ ನಡುವಿನ ವ್ಯತ್ಯಾಸವೇ ಒಳ್ಳೆಯ ಸಾಕ್ಷಿ. ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನಿಂದ ಡೌನ್‌ಹೋಲ್‌ಗೆ ಡಿ7400, ಕ್ರಾಸ್‌ಹೋಲ್‌ಗೆ ಡಿ4428 ಮಾನಕಗಳಿವೆ. ಯಾವುದನ್ನು ಅನುಸರಿಸಿದರೆಂದು ಕೇಳಿ. ಸರಾಸರಿ ವೇಗ 360ರ ಹತ್ತಿರ ಬಂದಿದ್ದರೆ ಇನ್ನಷ್ಟು ಒತ್ತಿ ಕೇಳಿ, ಏಕೆಂದರೆ ಬಹುಬಳಕೆಯ ಸೈಟ್ ವರ್ಗೀಕರಣದಲ್ಲಿ ಗಟ್ಟಿ ನೆಲ ಮತ್ತು ಸಾಧಾರಣ ನೆಲಗಳ ಗಡಿ ಅಲ್ಲೇ ಇದೆ. ಆ ಕಡೆಗೋ ಈ ಕಡೆಗೋ ಬಿದ್ದುದರ ಮೇಲೆ ಕಟ್ಟಡ ತಡೆದುಕೊಳ್ಳಬೇಕಾದ ಭೂಕಂಪ ಬಲ ಬದಲಾಗುತ್ತದೆ. ಪ್ರತಿ ಹೊಡೆತದ ಮೂಲ ಕಡತಗಳನ್ನೂ ಪಡೆದಿಟ್ಟುಕೊಳ್ಳಿ, ಹತ್ತು ವರ್ಷದ ನಂತರ ಹೊಸ ವಿಧಾನದಿಂದ ಮತ್ತೆ ಗುರುತಿಸಲು ಅವೇ ಬೇಕು. ಇದೆಲ್ಲವನ್ನೂ ಟೆಂಡರ್ ದಾಖಲೆಯಲ್ಲೇ ಬರೆಯಿಸಿ; ಬಿಲ್ ಪಾಸಾದ ಮೇಲೆ ಕೇಳಿದರೆ ಸಿಗುವುದು ಕಷ್ಟ.